ಸೀಟಿ ಹೊಡೆಯುವ ಗಿಟಾರಿಗೆ ವ್ಯಾಕ್ಸ್ ಹಾಕಿದ್ದು

ಕೆಟ್ಟ ವಸ್ತುವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಹುಟ್ಟುಗುಣ. ನನ್ನ ಹೆಂಡತಿ ಶೋಭಾ ಇದನ್ನೇ ಸ್ವಲ್ಪ ತಿರುಗಿಸಿ, ನನ್ನ ಕೈ ಸುಮ್ಮನಿರದ ಕಾರಣಕ್ಕೇ ವಸ್ತುಗಳು ಕೆಡುತ್ತವೆ ಎನ್ನುತ್ತಾಳೆ. ನಾನು ರಿಪೇರಿ ಮಾಡಿದ ಮಿಕ್ಸಿ ಚಟ್ನಿಯನ್ನು ಗೋಡೆಗೆ ಬಡಿದದ್ದು ನಿಜ. ನಾನು ಬಿಚ್ಚಿ ಜೋಡಿಸಿದ ಟೇಬಲ್ ಫ್ಯಾನು ಗಾಳಿಯನ್ನು ಹಿಂದಕ್ಕೆ ಬೀಸಿದ್ದೂ ನಿಜ. ಆದರೆ ಎರಡೂ ತಿರುಗುತ್ತಿದ್ದವು ಎಂಬುದನ್ನು ಈ ಮನೆಯಲ್ಲಿ ಯಾರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಮೆಕ್ಕೆಜೋಳದ ವ್ಯಾಪಾರ. ಮನೆ ಎಸ್.ಎಸ್. ಬಡಾವಣೆಯಲ್ಲಿ. ಹಗಲೆಲ್ಲ ಜೋಳದ ಧೂಳು ಕುಡಿಯುವ ಮನುಷ್ಯನಿಗೆ ಸಂಜೆ ಏನಾದರೂ ಕಲೆ ಬೇಕಲ್ಲ? ಮುರಿದುಹೋದ ಒಂದು ಆರ್ಕೆಸ್ಟ್ರಾದವರಿಂದ ಎಲೆಕ್ಟ್ರಿಕ್ ಗಿಟಾರು ತಂದೆ. ಕೆಂಪು ಬಣ್ಣ. ಅದರ ಜೊತೆಗೆ ಶಬ್ದ ದೊಡ್ಡದು ಮಾಡುವ ಒಂದು ಸ್ಪೀಕರ್ ಡಬ್ಬಿ. ಮಾರುವಾಗ ಅವರು, "ಸ್ವಲ್ಪ ಸೀಟಿ ಹೊಡೀತೈತೆ ಅಷ್ಟೆ, ಬಾಕಿ ಎಲ್ಲ ಫಸ್ಟ್ ಕ್ಲಾಸ್" ಅಂದಿದ್ದರು. ಸೀಟಿ ತಾನೆ, ನಾನೇ ಸರಿ ಮಾಡಿಕೊಳ್ಳುತ್ತೇನೆ ಅಂದುಕೊಂಡೆ.

ಆ "ಸ್ವಲ್ಪ" ಎಷ್ಟಿತ್ತು ಎಂಬುದನ್ನು ನಮ್ಮ ಪಕ್ಕದ ಮನೆಯ ಗಿರಿಜಕ್ಕ ಚೆನ್ನಾಗಿ ಹೇಳಬಲ್ಲರು. ಡಬ್ಬಿಯ ಶಬ್ದವನ್ನು ಸ್ವಲ್ಪ ಏರಿಸಿದರೆ ಸಾಕು, ಗಿಟಾರು ನಾನು ಮುಟ್ಟುವ ಮೊದಲೇ ಕುಂಯ್ ಎಂದು ಶುರುಮಾಡಿ, ಕಿವಿಯ ತಮಟೆಗೆ ಸೂಜಿ ಚುಚ್ಚುತ್ತಿತ್ತು. ಒಂದು ಸಂಜೆ ಗಿರಿಜಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೇಟಿನ ಹತ್ತಿರ ಬಂದು ನಿಂತರು.

"ತಮ್ಮಾ, ನುಡ್ಸಾಕೆ ಕೂಡೋ ಮುಂಚೆ ಒಂದ್ ಮಾತು ಹೇಳಿ ಕೂಡಪ್ಪ. ನಿಂದ್ಯಾವ ಸೀಟಿ, ನನ್ನ ಕುಕ್ಕರಿಂದ್ಯಾವ ಸೀಟಿ ಗೊತ್ತಾಗಂಗಿಲ್ಲ. ನೀನು ಮೂರು ಸಲ ಹೊಡೆದಿ, ನಾನು ಒಲೆ ಆರಿಸ್ದೆ. ನಮ್ಮ ಯಜಮಾನ್ರು ಹಸೀ ಬ್ಯಾಳೆ ಅಗೀತಾ ಕೂತಾರೆ."

ನಾನು ವಿನಯದಿಂದ ಕ್ಷಮೆ ಕೇಳಿದೆ. ಸೀಟಿಯ ಮೂಲವನ್ನು ಪತ್ತೆ ಹಚ್ಚುವ ಕಾರ್ಯವನ್ನು ಆ ಕ್ಷಣವೇ ಕೈಗೆತ್ತಿಕೊಂಡೆ.

ಮೊದಲು ದಿಕ್ಕು ಪರೀಕ್ಷೆ. ಪೂರ್ವಕ್ಕೆ ಮುಖ ಮಾಡಿ ನಿಂತೆ, ಸೀಟಿ. ಪಶ್ಚಿಮಕ್ಕೆ ನಿಂತೆ, ಇನ್ನೂ ಜೋರು ಸೀಟಿ. ಡಬ್ಬಿಯನ್ನು ಹಾಲ್‌ನಲ್ಲಿ ಬಿಟ್ಟು, ಉದ್ದದ ವೈರು ಎಳೆದುಕೊಂಡು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಿಂತರೆ ಮಾತ್ರ ಸೀಟಿ ನಿಲ್ಲುತ್ತಿತ್ತು.

ಶೋಭಾ ಹೊರಗಿನಿಂದ ಕೇಳಿದಳು, "ಏನ್ರೀ, ಗಿಟಾರ್ ತಗೊಂಡು ಒಳಗೆ ಹೋಗಿ ಅರ್ಧ ತಾಸಾತು. ಸ್ನಾನ ಮಾಡಿಸ್ತೀರೇನು ಅದಕ್ಕೆ?"

ಎರಡನೆಯ ಪರೀಕ್ಷೆಯಲ್ಲಿ ಒಂದು ಅದ್ಭುತ ಸಂಗತಿ ಬೆಳಕಿಗೆ ಬಂತು. ಗಿಟಾರಿನ ತಂತಿಗಳ ಕೆಳಗೆ ಕಪ್ಪು ಪಟ್ಟಿಯಂಥ ಒಂದು ಸಾಮಾನು ಇರುತ್ತದೆ. ಅದಕ್ಕೆ ಪಿಕಪ್ ಅನ್ನುತ್ತಾರೆ. ತಂತಿ ಅಲುಗಿದ್ದನ್ನು ಹಿಡಿದು ಡಬ್ಬಿಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ನನ್ನ ಪಿಕಪ್ಪು ತಂತಿಯದ್ದಲ್ಲದೆ ಊರವರದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿತ್ತು. ಬೆರಳಿನಿಂದ ಅದರ ಮೇಲೆ ತಟ್ಟಿದರೆ ಡಬ್ಬಿಯಿಂದ ಡಬ್ ಡಬ್ ಎಂದು ಬರುತ್ತಿತ್ತು. ನಾನು ಬಗ್ಗಿ ಪರೀಕ್ಷಿಸುತ್ತಿರುವಾಗ ಶೋಭಾ ಒಂದು ಸ್ಟೀಲ್ ಡಬರಿ ಹಿಡಿದುಕೊಂಡು ಬಂದು, ಗಿಟಾರಿನ ಮೇಲೇ ಬಾಗಿ, "ಗಿರಿಜಕ್ಕ ಮತ್ತೆ ಸಾರು ಕಳ್ಸ್ಯಾಳ್ರೀ. ಬರೇ ಉಪ್ಪು. ಹೆಂಗೆ ತಿಂತಾರೋ ಆ ಮನ್ಯಾಗೆ" ಅಂದಳು.

ಡಬ್ಬಿಯ ಶಬ್ದ ಪೂರ್ತಿ ಏರಿತ್ತು. ಕಿಟಕಿ ತೆರೆದಿತ್ತು. ಶೋಭಾಳ ಅಭಿಪ್ರಾಯ ಬಡಾವಣೆಯ ಮೂರನೇ ಅಡ್ಡರಸ್ತೆಯವರೆಗೂ ತಲುಪಿತು. ಮರುದಿನ ಗಿರಿಜಕ್ಕನ ಮನೆಯಿಂದ ಬಂದ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಆಮೇಲೆ ಸಾರೂ ನಿಂತುಹೋಯಿತು.

ಆದರೆ ಕಾರಣ ಹೊಳೆಯಿತಲ್ಲ! ಡಬ್ಬಿ ಹೇಳಿದ್ದನ್ನು ಪಿಕಪ್ಪು ಕೇಳಿಸಿಕೊಂಡು ಮತ್ತೆ ಡಬ್ಬಿಗೇ ಹೇಳುತ್ತದೆ. ಡಬ್ಬಿ ಅದನ್ನೇ ಇನ್ನೂ ದೊಡ್ಡದಾಗಿ ಹೇಳುತ್ತದೆ. ಪಿಕಪ್ಪು ಮತ್ತೆ ಕೇಳಿಸಿಕೊಳ್ಳುತ್ತದೆ. ನಮ್ಮ ಪೇಟೆಯಲ್ಲಿ ಗಾಳಿಸುದ್ದಿ ಬೆಳೆಯುವುದೂ ಹೀಗೆಯೇ. ರೋಗ ಗೊತ್ತಾಯಿತು, ಇನ್ನು ಔಷಧಿಯೊಂದು ಬಾಕಿ ಅಂದುಕೊಂಡೆ.

ಇಷ್ಟು ಅವಸರ ಯಾಕೆ ಎಂದು ನೀವು ಕೇಳಬಹುದು. ಶೋಭಾಳ ತಂಗಿ ಗೀತಾಳ ಮದುವೆ ನಿಶ್ಚಯವಾಗಿತ್ತು. ಅವಳ ತವರು, ಅಂದರೆ ನನ್ನ ಮಾವನ ಮನೆ, ಹರಿಹರ. ಗೀತಾ ಒಂದು ದಿನ ಲಗ್ನಪತ್ರಿಕೆ ಕೊಡಲು ಬಂದವಳು ಗಿಟಾರಿನ ಪಕ್ಕದಲ್ಲೇ ಕೂತಳು.

"ಭಾವ, ಆರತಕ್ಷತೆ ದಿನ ನಾನು ಸ್ಟೇಜ್ ಹತ್ತೋವಾಗ ನೀವು ನುಡಿಸ್ಬೇಕು. ಅವರ ಮನ್ಯಾಗೆ ಎಲ್ರೂ ಹಾಡೋರೇ. ಹುಡುಗನ ಸೋದರತ್ತೆ ಸಂಗೀತದ ಟೀಚರ್. ನೋಡಾಕೆ ಬಂದಾಗ, ಜೋಳದ ವ್ಯಾಪಾರ ಮಾಡೋ ಬಳಗ, ಇವರಿಗೆಲ್ಲಿ ಹಾಡು ಅಂದಿದ್ರಂತೆ. ನನಗೆ ಭಾಳ ಬೇಜಾರಾತು. ನಮ್ಮ ಭಾವ ಗಿಟಾರ್ ನುಡಿಸ್ತಾರೆ ಅಂತ ಹೇಳಿಬಿಟ್ಟೀನಿ."

"ಒಳ್ಳೇದು ಮಾಡಿದಿ" ಎಂದೆ. ಎದೆ ಉಬ್ಬಿತ್ತು.

"ಆ ಸೀಟಿ ಒಂದು ಬರದಂಗೆ ನೋಡ್ಕೊಳ್ರಿ. ನಕ್ಕುಬಿಡ್ತಾರೆ ಅವರು. ಆಮೇಲೆ ಆ ಮನ್ಯಾಗೆ ಬಾಳೇವು ಮಾಡೋಳು ನಾನು."

ನಿಜ ಹೇಳುತ್ತೇನೆ, ಆ ಮಾತು ನನ್ನ ಕರುಳಿಗೆ ತಾಗಿತು. ನಾನು ನುಡಿಸಲು ಕೂತಾಗ ಎದ್ದು ಹೋಗದ ಒಂದೇ ಒಂದು ಜೀವ ಅಂದರೆ ಗೀತಾ. ಪ್ರಾಣ ಹೋದರೂ ಸೀಟಿ ಬರಬಾರದು ಎಂದು ನಿಶ್ಚಯಿಸಿದೆ.

ಆರತಕ್ಷತೆಗೆ ಹರಿಹರದ್ದೇ ಒಂದು ಆರ್ಕೆಸ್ಟ್ರಾ ಗೊತ್ತು ಮಾಡಿದ್ದರು. ಅದರಲ್ಲಿ ಕೀಬೋರ್ಡ್ ನುಡಿಸುವ ಅನ್ವರ್ ಮಾಸ್ತರಿಗೆ ಗಿಟಾರೂ ಗೊತ್ತು ಅಂತ ಕೇಳಿದ್ದೆ. ಅಂಗಡಿಯಿಂದ ಫೋನ್ ಮಾಡಿದೆ. ಆ ಕಡೆ ಡೋಲಕ್ಕಿನ ಗಲಾಟೆ, ಈ ಕಡೆ ಹಮಾಲರ ಗಲಾಟೆ.

"ಪಿಕಪ್ ಒಳಗಿನ ಸುತ್ತು ಲೂಸಾಗಿರ್ತೈತೆ ಸಾರ್" ಅಂದರು ಮಾಸ್ತರು. "ಕೂದಲಿನಂಥ ವೈರು ಇರ್ತೈತಲ್ಲ, ಅದು ಅಲುಗಾಡಿದ್ರೆ ಸೀಟಿ. ಅದು ಅಲುಗದಂಗೆ ವ್ಯಾಕ್ಸ್ ಕರಗಿಸಿ ಅದರಾಗೆ ಮುಳುಗಿಸಿ ತೆಗೀಬೇಕು. ಆದ್ರೆ ಸಾರ್, ಒಂದು ಮಾತು..."

"ಗೊತ್ತಾತು, ಗೊತ್ತಾತು" ಎಂದು ಫೋನ್ ಇಟ್ಟೆ. ಬುದ್ಧಿವಂತರಿಗೆ ಅರ್ಧ ಹೇಳಿದರೆ ಸಾಕು. ವ್ಯಾಕ್ಸ್ ತಾನೆ? ನಮ್ಮ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಇತ್ತು. ಜೋಳದ ಸ್ಯಾಂಪಲ್ಲನ್ನು ಪುಟ್ಟ ಬಟ್ಟೆ ಚೀಲದಲ್ಲಿ ಕಟ್ಟಿ, ಗಂಟಿನ ಮೇಲೆ ಕೆಂಪು ಅರಗು ಕರಗಿಸಿ ಬಿಟ್ಟು, ಅಂಗಡಿಯ ಹಿತ್ತಾಳೆ ಮುದ್ರೆ ಒತ್ತಿ ಹೊರಗಿನ ಊರುಗಳಿಗೆ ಕಳಿಸುವುದು ನಮ್ಮ ತಂದೆಯ ಕಾಲದಿಂದ ಬಂದ ಪದ್ಧತಿ. ಆ ಕೆಂಪು ಕಡ್ಡಿಗೆ ನಾವು ಹುಟ್ಟಿದಾಗಿನಿಂದ ವ್ಯಾಕ್ಸ್ ಅಂತಲೇ ಅನ್ನುವುದು. ಮಂಡಿಪೇಟೆಯಲ್ಲಿ ಬೇರೆ ವ್ಯಾಕ್ಸ್ ಇಲ್ಲ. ಒಂದು ಡಬ್ಬಿ ಅರಗನ್ನು ಮುದ್ರೆಯ ಸಮೇತ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಭಾನುವಾರ ಮಧ್ಯಾಹ್ನ ಶೋಭಾ ಹರಿಹರಕ್ಕೆ ಹೋಗಿದ್ದಳು. ಶಸ್ತ್ರಚಿಕಿತ್ಸೆಗೆ ಪ್ರಶಸ್ತವಾದ ಸಮಯ. ಗಿಟಾರಿನ ತಂತಿಗಳನ್ನೆಲ್ಲ ಬಿಚ್ಚಿದೆ. ಪಿಕಪ್ಪನ್ನು ಸ್ಕ್ರೂ ತೆಗೆದು ಹೊರಕ್ಕೆಳೆದೆ. ಅದು ಹಿಡಿಸುವಂಥ ಪಾತ್ರೆ ಅಡುಗೆಮನೆಯಲ್ಲಿ ಒಂದೇ ಇತ್ತು. ಬೆಣ್ಣೆ ಕಾಯಿಸಿ ತುಪ್ಪ ಮಾಡುವ ಪಾತ್ರೆ. ಶೋಭಾಳ ತವರಿನದು. ಅದನ್ನು ನೇರವಾಗಿ ಗ್ಯಾಸ್ ಒಲೆಯ ಮೇಲಿಟ್ಟು, ದೊಡ್ಡ ಉರಿ ಮಾಡಿ, ಅರಗಿನ ಕಡ್ಡಿಗಳನ್ನು ಮುರಿದು ಹಾಕಿದೆ. ಮನೆಯೆಲ್ಲ ಹೆಡ್ ಪೋಸ್ಟಾಫೀಸಿನ ವಾಸನೆ. ಕೆಂಪಗೆ ಕುದಿಯತೊಡಗಿದ ಮೇಲೆ ದೇವರನ್ನು ನೆನೆದು ಪಿಕಪ್ಪನ್ನು ಮುಳುಗಿಸಿದೆ.

ಸುಂಯ್ ಅಂದಿತು. ಒಳ್ಳೆಯ ಲಕ್ಷಣ ಅಂದುಕೊಂಡೆ. ಒಲೆ ಆರಿಸಿ, ಚೆನ್ನಾಗಿ ಹೀರಿಕೊಳ್ಳಲಿ ಎಂದು ಬಿಟ್ಟು ಹೋಗಿ ಪೇಪರ್ ಓದಿದೆ. ಬಂದು ನೋಡಿದರೆ ಅರಗು ಕಲ್ಲಾಗಿತ್ತು. ಪಿಕಪ್ಪು ಅದರೊಳಗೆ ಸಮಾಧಿಯಾಗಿತ್ತು. ಇಕ್ಕಳದಿಂದ ಎಳೆದೆ. ಪಾತ್ರೆಯೇ ಮೇಲೆದ್ದು ಬಂತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮಾವನವರು.

"ಅಳಿಯಂದ್ರೆ, ಪಿಕಪ್ ರೆಡಿ ಐತೇನ್ರಿ?"

ಮಾವನವರದು ಮಾತು ಕಮ್ಮಿ. ನನ್ನ ಗಿಟಾರಿನ ಬಗ್ಗೆ ಇಷ್ಟು ದಿನದಲ್ಲಿ ಒಂದು ಮಾತೂ ಕೇಳಿದವರಲ್ಲ. ಗೀತಾ ಹೇಳಿರಬೇಕು ಎಂದು ನನಗೆ ಖುಷಿಯೇ ಆಯಿತು.

"ಇನ್ನೂ ಇಲ್ಲ ಮಾವನೋರೆ. ಒಂದೇ ಸಮ ಸೀಟಿ ಹೊಡೀತಿತ್ತು. ಪೂರ್ತಿ ಬಿಚ್ಚಿ ಹಾಕೀನಿ."

"ಬಿಚ್ಚಿ ಹಾಕೀರಾ? ಮದುವೆ ಇಷ್ಟು ಹತ್ರ ಇಟ್ಕೊಂಡು? ಮೆಕ್ಯಾನಿಕ್ಕಿಗೆ ತೋರ್ಸಾಕೆ ಏನಾಗಿತ್ತು?"

"ಮೆಕ್ಯಾನಿಕ್ ಯಾಕ್ರಿ, ನಾನೇ ಮನ್ಯಾಗೆ ಮಾಡ್ತೀನಿ. ಒಲೆ ಮೇಲೆ ಇಟ್ಟು ಕುದಿಸೀನಿ. ಈಗ ಪಾತ್ರೆ ಒಳಗೆ ಸಿಕ್ಕೊಂಡೈತೆ, ಹೊರಗೆ ಬರವಲ್ದು."

ಮಾವನವರು ತೀರಾ ಮೆತ್ತಗೆ, "ಅಳಿಯಂದ್ರೆ, ಮೈಯಾಗೆ ಆರಾಮಿದೀರಿ ಹೌದಿಲ್ಲೋ? ಬಿಸ್ಲಾಗೆ ಅಡ್ಡಾಡಬ್ಯಾಡ್ರಿ. ಪಿಕಪ್ಪಿಂದು ನಾನು ಬೇರೆ ವ್ಯವಸ್ಥೆ ಮಾಡ್ತೀನಿ, ನೀವೇನೂ ಮುಟ್ಟಬ್ಯಾಡ್ರಿ" ಅಂದು ಇಟ್ಟರು. ಮಾವನವರು ನನಗಾಗಿ ಹೊಸ ಗಿಟಾರನ್ನೇ ತರಿಸುವ ಯೋಚನೆಯಲ್ಲಿದ್ದಾರೆ ಎಂದು ನನ್ನ ಕಣ್ಣು ತುಂಬಿ ಬಂತು.

ಹುರುಪು ಇಮ್ಮಡಿಯಾಯಿತು. ಪಾತ್ರೆಯನ್ನು ಮತ್ತೆ ಕಾಯಿಸಿ ಪಿಕಪ್ಪನ್ನು ಕಿತ್ತು ತೆಗೆದೆ. ಅದು ಕರಿದ ಹಪ್ಪಳದ ಹಾಗೆ ಒಂದು ಕಡೆ ಮುರುಟಿಕೊಂಡಿತ್ತು. ಮೇಲೆಲ್ಲ ಕೆಂಪು ಅರಗು. ಬಿಸಿ ಅರಗು ಕಂಡ ಕೂಡಲೇ ಕೈ ರೂಢಿಯ ಪ್ರಕಾರ ಚೀಲಕ್ಕೆ ಹೋಯಿತು. ನನಗೆ ಪರಿವೆ ಬರುವಷ್ಟರಲ್ಲಿ ಪಿಕಪ್ಪಿನ ಬೆನ್ನಿಗೆ ನಮ್ಮ ಅಂಗಡಿಯ ಮುದ್ರೆ ಬಿದ್ದಾಗಿತ್ತು.

ಮುರುಟಿದ ಮೂಲೆಯನ್ನು ಅರದಿಂದ ಉಜ್ಜಿ, ಹೇಗೋ ಗಿಟಾರಿನೊಳಗೆ ಕೂರಿಸಿದೆ. ತಂತಿಗಳನ್ನು ಹರಿಹರದಲ್ಲೇ ಹೊಸದಾಗಿ ಕಟ್ಟುವುದು, ಆಗ ನಾದ ತಾಜಾ ಇರುತ್ತದೆ ಎಂದು ಯೋಚಿಸಿ, ತಂತಿ ಇಲ್ಲದೆಯೇ ಪರೀಕ್ಷೆಗೆ ಕೂತೆ. ಡಬ್ಬಿಯ ಶಬ್ದ ಪೂರ್ತಿ ಏರಿಸಿದೆ. ಸೀಟಿ ಇಲ್ಲ. ಪಿಕಪ್ಪಿನ ಮೇಲೆ ತಟ್ಟಿದೆ. ಡಬ್ ಡಬ್ ಇಲ್ಲ. ಅಷ್ಟರಲ್ಲಿ ಬಂದ ಶೋಭಾ, ತುಪ್ಪದ ಪಾತ್ರೆಯನ್ನು ನೋಡಿ, ಗಿಟಾರಿನ ಮೇಲೆ ಬಾಗಿಯೇ ನನಗೆ ಅರ್ಧ ತಾಸು ಬೈದಳು. ಒಂದು ಅಕ್ಷರವೂ ಡಬ್ಬಿಯಿಂದ ಹೊರಗೆ ಬರಲಿಲ್ಲ. ಇದಕ್ಕಿಂತ ಹೆಚ್ಚಿನ ಪುರಾವೆ ಏನು ಬೇಕು? ರಿಪೇರಿ ಸಂಪೂರ್ಣ ಯಶಸ್ವಿಯಾಗಿದೆ ಎಂದು ಗೀತಾಳಿಗೆ ಫೋನ್ ಮಾಡಿ ತಿಳಿಸಿದೆ.

ಆರತಕ್ಷತೆಯ ದಿನ. ಗೀತಾಳಿಗೆ ಕೊಡುವ ಬೀರು ಮತ್ತು ಮಂಚ ದಾವಣಗೆರೆಯಲ್ಲಿ ಮಾಡಿಸಿದ್ದು, ನಮ್ಮ ಮನೆಯಲ್ಲೇ ಇದ್ದವು. ಅವನ್ನು ಹರಿಹರಕ್ಕೆ ಸಾಗಿಸಲು ಮಾವನವರು ಒಂದು ಪಿಕಪ್ ಗಾಡಿ ಗೊತ್ತು ಮಾಡಿದ್ದರು. ಅದನ್ನು ಹೊರಡಿಸುವ ಜವಾಬ್ದಾರಿ ನನ್ನದು. ಬೀರನ್ನು ಗಾಡಿಗೆ ಏರಿಸಲು ತವರಿನಿಂದ ಬಂದಿದ್ದ ಶೋಭಾಳೂ ನಾನೂ ಅದರಲ್ಲೇ ಹೋಗುವುದು ಎಂದಾಗಿತ್ತು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಅವಳು ಬಾಗಿಲಲ್ಲಿ ನಿಂತಿದ್ದಳು. ಮೂರು ಗಂಟೆಗೆ ಬರಬೇಕಾದ ಪಿಕಪ್ ನಾಲ್ಕಾದರೂ ಬರಲಿಲ್ಲ. ನಾಲ್ಕೂವರೆಗೆ ಭಡ್ ಭಡ್ ಎನ್ನುತ್ತಾ ಒಂದು ಟ್ರಾಕ್ಟರು ಟ್ರೈಲರ್ ಎಳೆದುಕೊಂಡು ಬಂದು ನಿಂತಿತು. ಮಾವನವರ ನಂದಿಗುಡಿಯ ಗದ್ದೆಯದು. ಟ್ರೈಲರಿನಲ್ಲಿ ಇನ್ನೂ ಭತ್ತದ ಹುಲ್ಲು ಅಂಟಿಕೊಂಡಿತ್ತು.

"ಪಿಕಪ್ ಕೆಟ್ಟೈತಂತಲ್ರಿ" ಅಂದ ಡ್ರೈವರ್ ಹನುಮಂತಪ್ಪ. "ಅದರ ಎಂಜಿನ್ನು ಬಿಚ್ಚಿ ನೀವು ಒಲೆ ಮ್ಯಾಲೆ ಇಟ್ಟೀರಂತೆ. ನಿಮ್ಮ ಮಾವ ಗೌಡ್ರು ಗಾಡಿ ಕ್ಯಾನ್ಸಲ್ ಮಾಡಿ ನನ್ನ ಕಳ್ಸಿದ್ರು."

ಆಗ ನನಗೆ ಆ ದಿನದ ಫೋನಿನ ಒಂದೊಂದು ಮಾತೂ ನೆನಪಾಗತೊಡಗಿತು. ನನ್ನ ಮುಖ ನೋಡಿದ ಶೋಭಾಳಿಗೂ ಎಲ್ಲ ಅರ್ಥವಾಯಿತು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಟ್ರೈಲರ್ ಹತ್ತಿದಳು. ಬೈದಿದ್ದರೆ ವಾಸಿಯಿತ್ತು.

ಬೀರನ್ನು ನಿಲ್ಲಿಸಿ ಹಗ್ಗ ಬಿಗಿದೆವು. ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ನಾನು ಸ್ಪೀಕರ್ ಡಬ್ಬಿಯನ್ನು ಕಾಲ ಬಳಿ ಇಟ್ಟು, ಗಿಟಾರು ಅಪ್ಪಿಕೊಂಡು ಮಂಚದ ಮೇಲೆ ಕೂತೆ. ಎದುರಿಗೆ ಶೋಭಾ, ಪಕ್ಕದ ಕನ್ನಡಿಯಲ್ಲಿ ಇನ್ನೊಬ್ಬಳು ಶೋಭಾ. ಹರಿಹರದವರೆಗೂ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಹೈವೇಯಲ್ಲಿ ಸೈಕಲ್ಲಿನವರೂ ನಮ್ಮನ್ನು ದಾಟಿ ಹೋದರು. ಒಬ್ಬ ಲಾರಿ ಕ್ಲೀನರ್ ಗಿಟಾರು ಕಂಡು, ಒಂದು ಹಾಡು ನುಡಿಸಿ ಅಂತ ಕೈ ಮಾಡಿದ. ಶೋಭಾಳ ತಲೆಯಲ್ಲಿ ಮಲ್ಲಿಗೆಗಿಂತ ಭತ್ತದ ಹುಲ್ಲೇ ಹೆಚ್ಚಾಗಿತ್ತು.

ಕಲ್ಯಾಣಮಂಟಪದ ಬಾಗಿಲಲ್ಲಿ ಮಾವನವರು ಬೀಗರ ಜೊತೆ ನಿಂತಿದ್ದರು. ಟ್ರಾಕ್ಟರಿನಿಂದ ಇಳಿದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೀಗರಿಗೆ ಪರಿಚಯಿಸಿದರು. "ಇವರು ನಮ್ಮ ದೊಡ್ಡ ಅಳಿಯಂದ್ರು. ಮನುಷ್ಯ ಭಾಳ ಒಳ್ಳೇರು." ಆ ಎರಡನೆಯ ವಾಕ್ಯವನ್ನು ಅವರು ಹೇಳಿದ ಧಾಟಿ ನನಗೆ ಅಷ್ಟು ಹಿಡಿಸಲಿಲ್ಲ.

ಆಗಲೇ ತಡವಾಗಿತ್ತು. ಸ್ಟೇಜಿನ ಹಿಂದೆ ಕೂತು ಗಡಿಬಿಡಿಯಲ್ಲಿ ತಂತಿ ಕಟ್ಟಿದೆ. ಕಿವಿ ಹಚ್ಚಿ ಶ್ರುತಿ ಮಾಡಿ ಮುಗಿಸುವಷ್ಟರಲ್ಲಿ ಹುಡುಗಿ ಬಂದಳು, ಹುಡುಗಿ ಬಂದಳು ಎಂಬ ಸದ್ದು. ಗಿಟಾರನ್ನು ಡಬ್ಬಿಗೆ ಸಿಕ್ಕಿಸಿ ಸ್ಟೇಜಿನ ಮೇಲೆ ನಿಂತೆ. ನನ್ನ ಪಕ್ಕದಲ್ಲಿ ಕೀಬೋರ್ಡಿನ ಹಿಂದೆ ಅನ್ವರ್ ಮಾಸ್ತರು. ನನಗಾಗಿ ಅವರು ಆರ್ಕೆಸ್ಟ್ರಾ ನಿಲ್ಲಿಸಿ ತಲೆಯಾಡಿಸಿದರು. ಮಂಟಪ ಪೂರ್ತಿ ನಿಶ್ಶಬ್ದ. ಮೊದಲ ಸಾಲಿನಲ್ಲಿ ಸಂಗೀತದ ಟೀಚರು ಕನ್ನಡಕ ಸರಿ ಮಾಡಿಕೊಂಡರು. ಗೀತಾ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ಸಣ್ಣಗೆ ನಕ್ಕು, ಹೆಜ್ಜೆ ಇಟ್ಟಳು.

ನಾನು ತಂತಿ ಮೀಟಿದೆ.

ಏನೂ ಬರಲಿಲ್ಲ. ಶಬ್ದ ಏರಿಸಿದೆ. ಏನೂ ಬರಲಿಲ್ಲ. ಕೊನೆಯವರೆಗೆ ಏರಿಸಿ ಬಲವಾಗಿ ಮೀಟಿದೆ. ಪೊರಕೆ ಕಡ್ಡಿ ಮುರಿದಷ್ಟು ಸಪ್ಪಳವಾಯಿತು. ಸೀಟಿಯ ಕಾಟ ಮೂಲೋತ್ಪಾಟನೆಯಾಗಿತ್ತು, ಜೊತೆಗೆ ಉಳಿದ ಸಕಲ ನಾದವೂ.

ಗೀತಾ ಖಾಲಿ ಮೌನದಲ್ಲಿ ನಡೆದು ಬರುತ್ತಿದ್ದಳು. ಅವಳ ನಗು ಬಾಡುವುದು ನನಗೆ ಅಷ್ಟು ದೂರದಿಂದ ಕಾಣಿಸಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅನ್ವರ್ ಮಾಸ್ತರನ್ನು ನೋಡಿದೆ. ನನ್ನ ಮುಖದಲ್ಲಿ ಅವರು ಏನು ಕಂಡರೋ, ಒಂದು ಗುಂಡಿ ಒತ್ತಿ ಕೀಬೋರ್ಡಿನ ಮೇಲೆ ಬೆರಳಿಟ್ಟರು. ಆ ಯಂತ್ರದೊಳಗೆ ಗಿಟಾರಿನ ಧ್ವನಿಯೂ ಇತ್ತಂತೆ. ನಾನು ನುಡಿಸುತ್ತೇನೆಂದು ಅವರಿಗೆ ಮೊದಲೇ ಹೇಳಿಟ್ಟಿದ್ದ ಧಾಟಿಯೇ, ನೀರು ಹರಿದ ಹಾಗೆ ಮಂಟಪವನ್ನು ತುಂಬಿತು. ಗೀತಾಳ ಮುಖ ಅರಳಿತು. ನಾನೂ ಕಣ್ಣು ಮುಚ್ಚಿ, ತಲೆದೂಗುತ್ತಾ, ಬೆರಳು ಆಡಿಸಿದೆ. ರಾಗ ಮೇಲಕ್ಕೆ ಹೋದಾಗ ನನ್ನ ಬೆರಳು ಕೆಳಗಿರುತ್ತಿತ್ತು, ಅದನ್ನೆಲ್ಲ ಯಾರು ನೋಡುತ್ತಾರೆ? ಅಭಿನಯದಲ್ಲಿ ಎಷ್ಟು ತಲ್ಲೀನನಾದೆನೆಂದರೆ ಹಾಡು ಮುಗಿದು ಚಪ್ಪಾಳೆ ಬಿದ್ದ ಮೇಲೂ ಸ್ವಲ್ಪ ಹೊತ್ತು ನುಡಿಸಿದೆ.

ಸ್ಟೇಜಿನ ಹಿಂದೆ ಮಾಸ್ತರು ಪಿಕಪ್ಪನ್ನು ಬಿಚ್ಚಿ, ತಿರುಗಿಸಿ, ಬೆನ್ನ ಮೇಲಿನ ಮುದ್ರೆಯನ್ನು ನೋಡಿದರು.

"ಸಾರ್, ಯಾವ ವ್ಯಾಕ್ಸ್ ಹಾಕಿದ್ರಿ?"

"ವ್ಯಾಕ್ಸ್ ಅಂದ್ರೆ ವ್ಯಾಕ್ಸ್. ಸೀಲ್ ಮಾಡೋದು."

"ಅಯ್ಯೋ ಸಾರ್, ಮೇಣದ ಬತ್ತಿ ವ್ಯಾಕ್ಸು! ಅದೂ ಬಿಸಿನೀರಾಗೆ ಬಟ್ಟಲಿಟ್ಟು ಮೆಲ್ಲಗೆ ಕರಗಿಸ್ಬೇಕು. ಅದನ್ನೇ ಹೇಳಾಕೆ ಹೋದೆ, ನೀವು ಫೋನ್ ಇಟ್ರಿ." ಅವರು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. "ನೀವು ರಿಪೇರಿ ಮಾಡಿಲ್ಲ ಸಾರ್, ಪಾರ್ಸಲ್ ಮಾಡೀರಿ."

ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಮದುಮಕ್ಕಳು ಎಲ್ಲರನ್ನೂ ಮಾತಾಡಿಸುತ್ತಾ ಬಂದರು. ಜೊತೆಗೆ ಆ ಸಂಗೀತದ ಟೀಚರು. ನನ್ನ ಎಲೆಯ ಮುಂದೆ ನಿಂತು, "ಎಷ್ಟು ಮೃದುವಾದ ಕೈರೀ ನಿಮ್ಮದು. ತಂತಿ ಮುಟ್ಟಿದ್ದೇ ಗೊತ್ತಾಗಲಿಲ್ಲ. ಜೋಳದ ವ್ಯಾಪಾರದಲ್ಲಿದ್ದೂ ಇಷ್ಟು ಸಂಗೀತ ಇಟ್ಟುಕೊಂಡಿದ್ದೀರಲ್ಲ, ನಾವೇ ತಪ್ಪು ತಿಳಿದಿದ್ದೆವು" ಅಂದರು. ನಿಜ ಹೇಳಿಬಿಡಬೇಕು ಅನ್ನಿಸಿತು. ಗೀತಾ ಪಕ್ಕದಲ್ಲೇ ನಿಂತು ಹೆಮ್ಮೆಯಿಂದ ನೋಡುತ್ತಿದ್ದಳು. ನಾನು ಕೈ ಮುಗಿದು, ಸಾಧನೆ ಬೇಕಾಗುತ್ತದೆ ಎಂದು ಗಂಭೀರವಾಗಿ ಹೇಳಿದೆ. ಅವರು ಮುಂದಕ್ಕೆ ಹೋದರು.

ಗೀತಾ ಹಿಂದುಳಿದು, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಭಾವ, ಅನ್ವರ್ ಮಾಸ್ತರಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳ್ರಿ."

"ನಿನಗೆ ಹೆಂಗೆ ಗೊತ್ತಾತು?"

"ಮೊದಲಿಗೆ ನೀವೇ ಅಂದ್ಕೊಂಡಿದ್ದೆ. ಆಮೇಲೆ ಎರಡು ಸಾಲು ಒಂದೂ ತಪ್ಪಿಲ್ದಂಗೆ ಬಂತು ನೋಡ್ರಿ, ಆವಾಗ ಗೊತ್ತಾತು."

ನಾನು ತಲೆ ತಗ್ಗಿಸಿಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.